ಅಕ್ಕ ಎಣಿಸಿದ ಒಂಬತ್ತು ಜನ

ಮನೆಯವರೆಲ್ಲ ಮೈಸೂರು ನೋಡಲು ಹೋದಾಗ ನಮ್ಮಕ್ಕನನ್ನು ನಾನು ಕರೆದುಕೊಂಡು ಹೋಗಲಿಲ್ಲ.

ಆ ಪ್ರವಾಸ ಅವಳದೇ ಯೋಚನೆ. ಹೆಬ್ಬೂರಿನಿಂದ ಕುಣಿಗಲ್‌ ಆಚೆಗೆ ಹೋಗಿರದ ಅಕ್ಕ, ಮೈಸೂರು ನೋಡಿಬಂದವರನ್ನೆಲ್ಲ ಹಾಲಿನ ಡೇರಿ ಹತ್ತಿರ ಹಿಡಿದು ನಿಲ್ಲಿಸುತ್ತಿದ್ದಳು. "ಅರಮನೇಲಿ ನಮ್ಮವ್ವಂಗೆ ಕೂತ್ಕಳಕ್ಕೆ ಜಾಗ ಐತಾ?" ಎಲ್ಲರಿಗೂ ಅದೇ ಪ್ರಶ್ನೆ. ಮೃಗಾಲಯದಲ್ಲಿ ನೆರಳು ಎಲ್ಲಿದೆ, ಬೆಟ್ಟದ ಮೇಲೆ ಗಾಡಿ ಎಲ್ಲಿವರೆಗೆ ಹೋಗುತ್ತದೆ, ಎಲ್ಲವನ್ನೂ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಳು.

ವ್ಯಾನು ಗೊತ್ತು ಮಾಡುವುದು ನನ್ನ ಕೆಲಸ. ಅಕ್ಕ ಬೆರಳು ಮಡಿಸಿ ಎಣಿಸಿ, "ಒಂಬತ್ತು ಜನ ಕಣೋ" ಅಂದಳು. ಮುದ್ದೆ ಕಟ್ಟುವಾಗಲೂ ಅವಳು ತನ್ನನ್ನು ಬಿಟ್ಟೇ ಎಣಿಸುವುದು. ಈಗಲೂ ಹಾಗೇ ಮಾಡಿದ್ದಾಳೆಂದು ನನಗೆ ತಕ್ಷಣ ತಿಳಿಯಿತು. ಹತ್ತು ಜನ ಅಂದರೆ ದೊಡ್ಡ ಗಾಡಿ ಹುಡುಕಿಕೊಂಡು ತಿರುಗಬೇಕು. ಅವಳಿಗೆ ಹೇಳದೆ ಒಂಬತ್ತು ಸೀಟಿನ ವ್ಯಾನನ್ನೇ ಗೊತ್ತು ಮಾಡಿದೆ.

ಹೊರಡುವ ದಿನ ಹೊಸ ಸೀರೆಯುಟ್ಟು ವ್ಯಾನಿನ ಬಾಗಿಲಿಗೆ ಬಂದವಳು ಒಳಗೆ ಇಣುಕಿ ನಕ್ಕುಬಿಟ್ಟಳು. "ಥೂ, ನನ್ ಬುದ್ಧಿಗಿಷ್ಟು! ನನ್ನೇ ಎಣಿಸ್ಕಂಡಿಲ್ವಲ್ಲೋ. ಬುಡು, ನೀವ್ ಹೋಗ್ಬನ್ನಿ, ಹಸ ಯಾರ್ ನೋಡ್ಕತಾರೆ?" ಹಸುಗಳನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಅವಳು ಆಗಲೇ ಹೇಳಿಟ್ಟಿದ್ದಳು. ಆದರೂ ನಾನು ಸೀಟಿನಿಂದ ಏಳಲಿಲ್ಲ. ಹಾಳೆಯನ್ನು ನನ್ನ ಕೈಗಿಟ್ಟು ಕಳಿಸಿಕೊಟ್ಟಳು.

ಅರಮನೆಯಲ್ಲಿ ಅವ್ವ ಸುಸ್ತಾದಾಗ, ಅಕ್ಕ ಬರೆದಿದ್ದ ಜಾಗದಲ್ಲೇ ಬೆಂಚಿತ್ತು.

ಮಾರನೇ ದಿನ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವಳು ಕೇಳಿದಳು, "ಅವ್ವ ಕೂತ್ಕಂಡ್ಳೇನೋ?"

"ಕೂತ್ಕಂಡ್ಳು. ಅಕ್ಕ, ನೀನು ನಿನ್ನ ಬಿಟ್ಟು ಎಣಿಸಿದ್ದು ನಂಗೆ ಅವತ್ತೇ ಗೊತ್ತಿತ್ತು. ಬೇಕಂತ್ಲೇ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು ಕಣಕ್ಕ."