ಅತ್ತೆಯ ಸೋಮವಾರ

ಮೊನ್ನೆ ಜೆ.ಪಿ. ನಗರದ ಒಳರಸ್ತೆಯೊಂದರಲ್ಲಿ ಸ್ಕೂಟರ್ ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟೆ. ಬಿಸಿ ಜೋಳದ ಹಿಟ್ಟಿನ ವಾಸನೆ! ಒಂದು ಜಿಮ್ಮಿಗೂ ಒಂದು ಬೇಕರಿಗೂ ನಡುವೆ ಹಿಟ್ಟಿನ ಗಿರಣಿಯೊಂದು ಹೇಗೋ ಉಳಿದುಕೊಂಡು ಗಡಗಡ ಅನ್ನುತ್ತಿತ್ತು. ಹಿಂದಿದ್ದ ಆಟೋದವನು "ಏನ್ ಮೇಡಂ, ರೋಡ್ ನಿಮ್ದೇನಾ?" ಅಂದ. ಅನ್ನಲಿ ಬಿಡಿ. ಆಗತಾನೆ ಬೀಸಿದ ಹಿಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಲಂಗದೊಳಗೆಲ್ಲ ಬೆಚ್ಚಗಾಗುತ್ತದೆ ಎಂಬುದು ಪ್ಯಾಕೆಟ್ ಹಿಟ್ಟಿನವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದ ನಾವು ಹೀಗೆ ನಡುರಸ್ತೆಯಲ್ಲಿ ನಿಂತು ಬೈಸಿಕೊಳ್ಳುತ್ತೇವೆ.

ಆಗ ನಾವಿದ್ದದ್ದು ಸುದ್ದಗುಂಟೆಪಾಳ್ಯದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಮೂರನೆಯ ಮಹಡಿ. ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಒಂದು ಕಚೇರಿಯ ಕಾರು ಓಡಿಸುತ್ತಿದ್ದ. ಅಪ್ಪನ ಜೊತೆಗೆ ಅವ್ವ, ಎಂಟು ವರ್ಷದ ನಾನು, ನಾವು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿ, ಮತ್ತೆ ಅಪ್ಪನ ತಂಗಿ ಸುಜಾತಾ ಅತ್ತೆ. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯಲು ಕೂತರೆ ಕೆಳಗಿನಿಂದ ಓನರ್ ಆಂಟಿ "ಏನ್ರೀ ಇದು, ಮನೆ ಒಡೀತಿದ್ದೀರಾ?" ಎಂದು ಕೂಗುತ್ತಿದ್ದರು. ಮಧ್ಯಾಹ್ನ ಅದೇ ಆಂಟಿ ಅದೇ ರೊಟ್ಟಿಗೆ ತಟ್ಟೆ ಹಿಡಿದು ಮೇಲೆ ಬರುತ್ತಿದ್ದರು. ಈಗ ಆ ಮನೆಯೂ ಇಲ್ಲ, ಆಂಟಿಯೂ ಇಲ್ಲ. ಅಲ್ಲಿ ಹುಡುಗರ ಪಿ.ಜಿ. ಎದ್ದಿದೆ, ಸಾಲಾಗಿ ಟವೆಲ್ಲುಗಳು ಒಣಗುತ್ತಿರುತ್ತವೆ.

ಅತ್ತೆ ಬೆಂಗಳೂರಿಗೆ ಬಂದದ್ದೇ ಪೊಲೀಸ್ ಆಗಬೇಕೆಂದು. ಬರೆಯುವ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಓಟ, ಜಿಗಿತ, ಗುಂಡು ಎಸೆತ, ಆಮೇಲೆ ತೂಕ. ನಲವತ್ತೈದು ಕೆ.ಜಿ.ಗೆ ಒಂದು ಚೂರು ಕಡಿಮೆಯಿದ್ದರೂ ಓಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅತ್ತೆ ಇದ್ದದ್ದು ನಲವತ್ಮೂರು. "ಈ ಸಲ ಆಗಲಿಲ್ಲಂದ್ರ ಸುಮ್ಮನ ಮದಿವಿ ಆಗು," ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ಊರಲ್ಲಿ ಗಂಡು ಗೊತ್ತಾಗಿದ್ದ. ಅವನ ಫೋಟೋವನ್ನು ಅತ್ತೆ ಪುಸ್ತಕದ ಕೆಳಗೆ ಬೋರಲು ಹಾಕಿಟ್ಟಿದ್ದಳು. ಜಯನಗರದ ಮೈದಾನದಲ್ಲಿ ದಿನಾ ಐದು ಸುತ್ತು ಓಡುತ್ತಿದ್ದವಳು ಹತ್ತಕ್ಕೆ ಏರಿಸಿದಳು. ಓಟ ಏರಿದಂತೆ ಮೈ ಇಳಿಯಿತು. ಭಾನುವಾರ ಗಿರಣಿಗೆ ಹೋದಾಗ ಜೋಳ ತೂಗಿಸಿ, ಅದೇ ತಕ್ಕಡಿಯ ಮೇಲೆ ತಾನೂ ಹತ್ತಿ ನಿಲ್ಲುತ್ತಿದ್ದಳು. ಗಿರಣಿಯಣ್ಣ ಮುಳ್ಳು ನೋಡಿ, "ಜೋಳ ತಿಂದವ ತೋಳ ಅಂತಾರೆ. ನೀವೇನ್ ಮೇಡಂ, ಜೋಳ ತಿಂದೂ ಹಕ್ಕಿ ಥರ ಇದ್ದೀರಲ್ಲ!" ಎಂದು ನಗುತ್ತಿದ್ದ. ಅತ್ತೆ ನಗುತ್ತಿರಲಿಲ್ಲ.

ಮೈದಾನದಲ್ಲಿ ಹುಡುಗಿಯರಿಗೆ ಓಡಲು ಕಲಿಸುತ್ತಿದ್ದವರು ಒಬ್ಬ ನಿವೃತ್ತ ಪೊಲೀಸ್ ಅಂಕಲ್. ಒಂದು ದಿನ ಅವರು ಅತ್ತೆಯನ್ನು ನಿಲ್ಲಿಸಿ, "ಏನಮ್ಮಾ, ಓಡೋದು ಡಬಲ್ ಮಾಡಿದ್ದೀಯ, ತಿನ್ನೋದು ಡಬಲ್ ಮಾಡಿದ್ಯಾ?" ಎಂದು ಕೇಳಿದರು. ಈ ಮಾತು ಆಯಿಯ ಕಿವಿಗೆ ಬಿದ್ದದ್ದೇ ತಡ, ಅಡುಗೆಮನೆಯ ಕಾನೂನೇ ಬದಲಾಯಿತು. ನಮ್ಮಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂರುವ ಪದ್ಧತಿ. ಅತ್ತೆಯ ಸರದಿ ಬರುವಷ್ಟರಲ್ಲಿ ಪಲ್ಯದ ಪಾತ್ರೆಯಲ್ಲಿ ಸೌಟು ತಳ ಕೆರೆಯುತ್ತಿತ್ತು. ಆಯಿ ಅವತ್ತು ಅತ್ತೆಯ ತಟ್ಟೆಯನ್ನೇ ಮೊದಲು ಹಾಕಿಸಿದಳು. ಅಪ್ಪ ಕೈ ತೊಳೆದು ಬಂದು ಪಿಳಿಪಿಳಿ ನೋಡಿದ. "ಏನ್ ನೋಡ್ತಿ? ಮುಂಜಾನಿಂದ ಓಡಿ ಬಂದಾಕಿ ಅಕಿ. ನೀ ಕಾರಿನ್ಯಾಗ ಕುಂತು ಬಂದಾಂವ," ಎಂದಳು ಆಯಿ. ಅಪ್ಪ ತನ್ನ ಸರದಿಗೆ ಕಾದು ಕೂತ. ಅಂದಿನಿಂದ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಮುದ್ದೆ, ಕಾಳಿನ ಪಲ್ಯ, ಗಟ್ಟಿ ಮೊಸರು, ಮಲಗುವ ಮುಂಚೆ ಹಾಲು, ಬಾಳೆಹಣ್ಣು. ಮೈದಾನದಿಂದ ಬಂದ ತಕ್ಷಣ ತಿನ್ನಲು ಎರಡು ಶೇಂಗಾ ಉಂಡಿ. ಹುರಿದ ಶೇಂಗಾಕ್ಕೆ ಬೆಲ್ಲ ಹಾಕಿ ಆಯಿ ಒರಳಲ್ಲಿ ಕುಟ್ಟುವಾಗ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಎಣ್ಣೆ ಬಿಟ್ಟ ಆ ಬಿಸಿ ಪುಡಿಯನ್ನು ಅಂಗೈಯಲ್ಲಿ ಒತ್ತಿ ಕಟ್ಟುವಾಗ ಅವಳ ಬಳೆಗಳು ಮೊಣಕೈವರೆಗೆ ಸರಿದಿರುತ್ತಿದ್ದವು.

ಇಷ್ಟಾದರೂ ಗಿರಣಿಯ ಮುಳ್ಳು ನಲವತ್ನಾಲ್ಕು ದಾಟಲೊಲ್ಲದು. ಆಯಿ ದೃಷ್ಟಿ ತೆಗೆದಳು, ಅವ್ವ ಬೆಣ್ಣೆ ಹೆಚ್ಚಿಸಿದಳು. ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಸೋಮವಾರ ಅತ್ತೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಓದಿಕೊಂಡೇ ಉಣ್ಣುತ್ತೇನೆಂದು ತಟ್ಟೆಯನ್ನು ಟೆರೇಸಿಗೆ ಒಯ್ಯುವಳು, ಹಿಂದೆಯೇ ನನ್ನನ್ನು ಕರೆಯುವಳು. ಬೆಣ್ಣೆ ರೊಟ್ಟಿ, ಉಂಡಿ ಎಲ್ಲ ನನ್ನ ಹೊಟ್ಟೆಗೆ. "ಯಾರಿಗೂ ಹೇಳಬ್ಯಾಡ, ನನ್ನಾಣೆ," ಎಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ನಾನು ಹೇಳಲಿಲ್ಲ. ಆಣೆಗೆ ಹೆದರಿ ಅಂತ ಹೇಳಿಕೊಳ್ಳಬಹುದು, ಆದರೆ ನಿಜ ಹೇಳುತ್ತೇನೆ, ಉಂಡಿಯ ಆಸೆಗೆ. ನನ್ನ ಕೆನ್ನೆ ಬನ್ನಿನ ಹಾಗೆ ಉಬ್ಬಿತು, ಅತ್ತೆಯ ಕೆನ್ನೆ ತುಂಬಲೇ ಇಲ್ಲ.

ತೂಕದ ದಿನಕ್ಕೆ ಐದು ವಾರವಿರುವಾಗ, ಒಂದು ಸೋಮವಾರ ಸಂಜೆ, ಅತ್ತೆ ಎಂಟನೆಯ ಸುತ್ತಿನಲ್ಲಿ ತಲೆ ತಿರುಗಿ ಬಿದ್ದಳು. ಅಂಕಲ್ ಆಟೋದಲ್ಲಿ ಕರೆತಂದರು. ಓನರ್ ಆಂಟಿ ನಿಂಬೆ ಪಾನಕ ಹಿಡಿದು ಓಡಿಬಂದರೆ ಅತ್ತೆ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ನಾನು ಗೊಳೋ ಎಂದು ಅತ್ತು, "ಸೋಮವಾರದ ಉಂಡಿ ಎಲ್ಲಾ ನಾನ ತಿಂದೀನಿ ಆಯಿ," ಎಂದು ಎಲ್ಲ ಒದರಿಬಿಟ್ಟೆ. ಅತ್ತೆಯೂ ಅಳುತ್ತಾ ಹೇಳಿದಳು, "ನೌಕರಿ ಆಗೂತನಕ ಸೋಮವಾರ ಉಪಾಸ ಇರತೇನಿ ಅಂತ ಶಿವಗ ಹರಕಿ ಹೊತ್ತೀನಿ ಯವ್ವಾ. ಈಗ ಬಿಟ್ರ ನೌಕರಿ ಹೋಕ್ಕೈತಿ."

"ತೂಕ ಏರಲಿ ಅಂತ ಉಪಾಸ ಹಿಡದಾಕಿನ್ನ ಈ ಜಲ್ಮದಾಗ ನಿನ್ನೊಬ್ಬಾಕಿನ್ನ ನೋಡಿದೆ ನೋಡು, ಹುಚ್ಚ ಖೋಡಿ!" ಎಂದ ಆಯಿ, ಕಾಲು ತೊಳೆದು ಬಂದು ದೇವರ ಗೂಡಿನ ಮುಂದೆ ನಿಂತಳು. "ಇವತ್ತಿನಿಂದ ಇಕಿ ಸೋಮವಾರ ನನಗಿರಲಿ ಶಿವನ. ಉಪಾಸ ನಾ ಇರತೇನಿ, ಇಕಿ ಉಣ್ಣಲಿ." ಎದುರಿಗಿರುವವರ ಜೊತೆ ಮಾತಾಡಿದಷ್ಟು ಸಲೀಸಾಗಿ ಹೇಳಿ, ಬಂದು ಪಾನಕದ ಲೋಟ ಎತ್ತಿ ಅತ್ತೆಯ ಬಾಯಿಗಿಟ್ಟಳು. ಅತ್ತೆ ಗಟಗಟ ಕುಡಿದಳು. ಆಯಿ ಆ ಹೊತ್ತು ಉಣ್ಣಲಿಲ್ಲ.

ತೂಕದ ದಿನ ಅತ್ತೆ ನಲವತ್ತಾರು ಇದ್ದಳು. ಮನೆಗೆ ಬಂದವಳೇ ಆಯಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ಆಯಿ ಹಾಯಾಗಿ ಬೈದಳು. ಊರಿನ ಗಂಡಿನ ಫೋಟೋವನ್ನು ಅಪ್ಪನೇ ಲಕೋಟೆಗೆ ಹಾಕಿ ವಾಪಸು ಕಳಿಸಿದ. ಆದರೆ ಸೋಮವಾರ ಮಾತ್ರ ಆಯಿ ಬಿಡಲಿಲ್ಲ. ಟ್ರೇನಿಂಗ್ ಮುಗಿಯಲಿ ಅಂದಳು. ಮುಗಿದ ಮೇಲೆ, ರಾತ್ರಿ ಡ್ಯೂಟಿ, ಗಲಾಟೆ, ಲಾಠಿ ಅಂತ ಓಡಾಡುವ ಹುಡುಗಿ, ಇರಲಿ ಬಿಡು ಅಂದಳು. ನಾವು ಜರಗನಹಳ್ಳಿಗೆ ಮನೆ ಬದಲಿಸಿದೆವು, ನಾನು ಕಾಲೇಜು ಮುಗಿಸಿದೆ, ಆಯಿಯ ಸೋಮವಾರ ಹಾಗೇ ನಡೆಯಿತು.

ಕೊನೆಗೆ ಆಯಿ ಹಾಸಿಗೆ ಹಿಡಿದಳು. ಹೊತ್ತುಹೊತ್ತಿಗೆ ಹೊಟ್ಟೆಗೇನಾದರೂ ಬೀಳಲೇಬೇಕೆಂದು ಡಾಕ್ಟರು ಹೇಳಿದ್ದರು. ಸೋಮವಾರ ಬಂದರೆ ಅವ್ವ ಎಷ್ಟು ಬೇಡಿದರೂ ಬಾಯಿ ಬಿಡುತ್ತಿರಲಿಲ್ಲ. ಅಂಥದೊಂದು ಸೋಮವಾರ ಮಧ್ಯಾಹ್ನ ಅತ್ತೆ ಡ್ಯೂಟಿಯಿಂದ ನೇರ ಬಂದಳು. ಈಗ ಮೈಕೈ ತುಂಬಿಕೊಂಡಿದ್ದಾಳೆ, ಬೆಲ್ಟು ಬಿಗಿಯಾಗುತ್ತದೆಂದು ಗೊಣಗುತ್ತಾಳೆ. ಖಾಕಿಯಲ್ಲೇ ಮಂಚದ ಮೇಲೆ ಕೂತು, ಗಂಜಿಯ ಬಟ್ಟಲು ಹಿಡಿದು, "ಯವ್ವಾ, ನನ್ನ ಸೋಮವಾರ ನನಗ ಕೊಟ್ಟಬಿಡು. ಈಗ ನನಗ ತ್ರಾಣ ಐತಿ," ಎಂದಳು.

ಆಯಿ ಮಗಳ ತೋಳನ್ನು ಹಿಡಿದು, ಹಿಟ್ಟು ನಾದಿ ನೋಡುವಂತೆ ಒಂದೆರಡು ಸಲ ಒತ್ತಿ ನೋಡಿದಳು. ಆಮೇಲೆ ಬಾಯಿ ತೆರೆದಳು. ಅರ್ಧ ಬಟ್ಟಲು ಕುಡಿದಳು.

ಮುಂದಿನ ಸೋಮವಾರಕ್ಕೆ ಆಯಿ ಇರಲಿಲ್ಲ. ಅತ್ತೆ ಮಾತ್ರ ಅವತ್ತು ಹಿಡಿದ ಉಪವಾಸವನ್ನು ಇನ್ನೂ ಬಿಟ್ಟಿಲ್ಲ. ಯಾರಿಗಾಗಿ ಎಂದು ನಾನು ಕೇಳಿಲ್ಲ.