ಜಪಸರದ ಹೊತ್ತಿಗೆ ಬಂದ ಪರೀಕ್ಷೆ

ಸ್ನೇಹಿತರೇ, ಇವತ್ತು ನನ್ನ ಮನೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಮನುಷ್ಯನ ಬಾಯಿ ಮುಚ್ಚಿಸಿದೆ.

ಸೊಸೆ ಜೆಸಿಂತಾ ಮಂಜೇಶ್ವರದ ನಮ್ಮ ಮನೆಯಲ್ಲೇ ಕುಳಿತು, ದೂರಶಿಕ್ಷಣದಲ್ಲಿ ಬೈಬಲ್ ಅಧ್ಯಯನದ ಡಾಕ್ಟರೇಟ್ ಮಾಡುತ್ತಿದ್ದಳು. ಅಡುಗೆ, ಮಕ್ಕಳು ಎಲ್ಲ ಮುಗಿಸಿ ವರ್ಷಗಟ್ಟಲೆ ಓದಿದವಳು. ಕೊನೆಯ ಮೌಖಿಕ ಪರೀಕ್ಷೆ ಇವತ್ತು ಸಂಜೆ, ಕಂಪ್ಯೂಟರಿನಲ್ಲಿ, ವಿದೇಶದ ಪ್ರಾಧ್ಯಾಪಕರ ಎದುರು. ಅದು ನಮ್ಮ ಜಪಸರದ ಹೊತ್ತು, ಮನೆಯವರೆಲ್ಲ ಸರದಿಯಂತೆ ಮಾತೆ ಮರಿಯಮ್ಮನ ಪ್ರಾರ್ಥನೆ ಹೇಳುವ ಹೊತ್ತು. ನಾನು ಮದುವೆಯಾಗಿ ಬಂದಂದಿನಿಂದ ಆ ಹೊತ್ತು ತಪ್ಪಿದ್ದಿಲ್ಲ. ಇವತ್ತು ನಾನೇ ಮುಂದಕ್ಕೆ ಹಾಕಿದೆ.

ಮೈದುನ ಪಾಸ್ಕಲ್ ಬಂದಿದ್ದ. "ಎಂತ ಅತ್ತಿಗೆ, ಕಂಪ್ಯೂಟರ್ ಮುಗಿಯುವವರೆಗೆ ಮರಿಯಮ್ಮ ಕಾಯಬೇಕಾ?" ಎಂದವನೇ ಮೊಣಕಾಲೂರಿ ಗಟ್ಟಿಯಾಗಿ ಶುರುಮಾಡಿದ. ಅವನ ಸ್ವರ ಪಕ್ಕದೂರು ಕುಂಜತ್ತೂರಿಗೂ ಕೇಳುವಂಥದ್ದು. ಒಳಗಿನ ಕೋಣೆಯಲ್ಲಿ ಜೆಸಿಂತಾ, ಪ್ರಶ್ನೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಪರೀಕ್ಷಕರನ್ನು ಬೇಡುತ್ತಿದ್ದಳು.

"ಪಾಸ್ಕಲ್, ನಿಲ್ಲಿಸು."

"ಪ್ರಾರ್ಥನೆ ನಿಲ್ಲಿಸುವುದಾ? ಪಾಪ ಉಂಟು ಅತ್ತಿಗೆ!"

"ಆ ಪಾಪ ನನಗಿರಲಿ. ಮರಿಯಮ್ಮನಿಗೆ ಕಾಯಲಿಕ್ಕೆ ಗೊತ್ತುಂಟು ಮಾರಾಯ. ಆ ಪ್ರೊಫೆಸರರಿಗೆ ಗೊತ್ತಿಲ್ಲ."

ಅವನು ಊಟ ಮಾಡದೆ ಹೋದ. ಹೋಗಲಿ.

ಜೆಸಿಂತಾ ಪಾಸಾಗಿ ಹೊರಗೆ ಬಂದಳು. ಕೈ ಮುಗಿದು ಆಶೀರ್ವಾದ ಕೇಳಿದಳು. ತಲೆ ಮೇಲೆ ಕೈಯಿಟ್ಟು ಕೊಟ್ಟೆ. ಆಮೇಲೆ ಎಲ್ಲರೂ ಮೊಣಕಾಲೂರಿದೆವು. ಅವಳ ಸರದಿ ಬಂದಾಗ ನೋಡಿದರೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಅವಳ ಪಾಲನ್ನೂ ನಾನೇ ಹೇಳಿದೆ.

ಈ ರಿಯಾಯಿತಿ ಇವತ್ತಿಗೆ ಮಾತ್ರ. ನಾಳೆಯಿಂದ ಡಾಕ್ಟರಿಗೂ ಇಲ್ಲ.