ಕಿಕ್ಕೇರಿಗೆ ಪ್ಲಗ್ಗು ನೋಡಲು ಹೋದ ಭಾನುವಾರ

ಎಲೆಕ್ಟ್ರಿಕ್ ಕಾರು ಕೊಂಡವರನ್ನು ಊರೆಲ್ಲ ಕೇಳುವುದು ಒಂದೇ ಪ್ರಶ್ನೆ, ಎಷ್ಟು ಓಡುತ್ತೆ ಅಂತ. ಅದಕ್ಕೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ: ತಾಯಿ, ಇದನ್ನು ಎಲ್ಲಿ ಸಿಕ್ಕಿಸುತ್ತೀಯ?

ಕಾರಿನ ಜೊತೆ ಬಂದ ಚಾರ್ಜರಿಗೆ ದಪ್ಪ ಪಿನ್ನುಗಳ ಪ್ಲಗ್ಗು. ಅದು ಹೋಗುವುದು ಗೀಸರಿಗೆ ಹಾಕುವಂಥ ದೊಡ್ಡ ಪಾಯಿಂಟಿಗೆ ಮಾತ್ರ. ಶ್ರೀರಂಗಪಟ್ಟಣದ ನಮ್ಮ ಬಾಡಿಗೆ ಮನೆ ಮಹಡಿಯ ಮೇಲಿದೆ, ಅಂಥ ಪಾಯಿಂಟು ಇರುವುದು ಬಚ್ಚಲಲ್ಲಿ ಒಂದೇ ಒಂದು. ಹಾಗಾಗಿ ಬಚ್ಚಲ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಬೀದಿಗಿಳಿಸಿ ಕಾರಿಗೆ ಕೊಡುತ್ತಿದ್ದೆ. ಕಾರಿಗೆ ಕರೆಂಟು ಕುಡಿಸಿದ ದಿನ ಮನೆಯವರಿಗೆ ತಣ್ಣೀರಿನ ಸ್ನಾನ. ಒಂದು ದಿನ ಕೆಳಗಿನ ಮನೆಯಾಕೆ ಆ ವೈರಿನ ಮೇಲೆ ಒದ್ದೆ ಟವೆಲು ಹರವಿದ್ದು ನೋಡಿ ನನ್ನ ಜೀವ ಬಾಯಿಗೆ ಬಂತು. ನನ್ನ ಯಜಮಾನರಿಗೆ ಅದೂ ತಮಾಷೆಯೇ. "ಒಣಗ್ಲಿ ಬುಡೆ, ಬೆಚ್ಚಗಿರ್ತದೆ" ಅಂದರು.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಆಂಪಿಯರು, ವೋಲ್ಟು ಎಲ್ಲ ಪಕ್ಕದ ತರಗತಿಯ ಸಮಾಚಾರ. ಆದರೂ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗುವಂಥ, ಎಲ್ಲಿ ಬೇಕಾದರೂ ಸಿಕ್ಕಿಸುವಂಥ ಇನ್ನೊಂದು ಚಾರ್ಜರು ಬೇಕೆಂದು ಹೆದ್ದಾರಿ ಪಕ್ಕದ ಅಂಗಡಿಗೆ ಹೋದೆ. ಅಂಗಡಿಯವನು ಮೂರು ತರದ್ದು ತೆಗೆದು ಮುಂದಿಟ್ಟ. ಒಂದು ಸಣ್ಣ ಪಿನ್ನಿನದು, ಯಾವ ಮನೆಯಲ್ಲಾದರೂ ಹೋಗುತ್ತದೆ, ಆದರೆ ರಾತ್ರಿಯಿಂದ ಬೆಳಗಾನ ಹಾಕಿದರೂ ಅರ್ಧ ಹೊಟ್ಟೆ. ಇನ್ನೊಂದು ದೊಡ್ಡ ಪಿನ್ನಿನದು, ಗುಂಡಿ ಒತ್ತಿ ಕರೆಂಟು ಹೆಚ್ಚು ಕಮ್ಮಿ ಮಾಡಿಕೊಳ್ಳಬಹುದು. ಮೂರನೆಯದಕ್ಕೆ ಕಾರ್ಖಾನೆಗಳಲ್ಲಿರುತ್ತದಲ್ಲ, ಆ ನೀಲಿ ಬಣ್ಣದ ಗುಂಡು ಪ್ಲಗ್ಗು. ಅದು ಬಕಾಸುರ, ಬೇಗ ತುಂಬಿಸುತ್ತದೆ. ನಾನು ಮೂರನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ ಅವನಿಗೇ ಬೇಜಾರಾಯಿತು.

"ಮೊದ್ಲು ನೀವು ಓಗೋ ಮನೆಗಳಲ್ಲಿ ಎಂಥ ಪ್ಲಗ್ಗವೆ ನೋಡ್ಕಬನ್ನಿ ಮೇಡಂ. ಬೀಗ ನೋಡ್ದೆ ಕೀಲಿಕೈ ಕೊಡು ಅಂದ್ರೆ ನಾನ್ ಯಾವ್ದ ಕೊಡ್ಲಿ?"

ಮಾತು ನ್ಯಾಯವೇ. ನಾನು ಹೋಗುವ ಮನೆಗಳು ಮೂರು. ನಾಗಮಂಗಲದಲ್ಲಿ ನನ್ನ ತವರು, ಪಾಂಡವಪುರದ ಆಚೆ ಚಿನಕುರಳಿಯಲ್ಲಿ ಯಜಮಾನರ ಅಣ್ಣನ ಮನೆ, ಕೆ.ಆರ್. ಪೇಟೆ ದಾಟಿ ಕಿಕ್ಕೇರಿಯಲ್ಲಿ ನನ್ನ ದೊಡ್ಡಮ್ಮನ ಮನೆ. ನಾಗಮಂಗಲ ಮೊದಲೇ ಮುಗಿದಿತ್ತು. ಅಲ್ಲಿ ನನ್ನ ತಮ್ಮ, "ಯುಪಿಎಸ್‌ದು ದೊಡ್ಡ ಪ್ಲಗ್ಗದೆ, ಅದ್ಕೆ ಹಾಕ್ಬುಡಕ್ಕ" ಅಂತ ಧಾರಾಳವಾಗಿ ಹೇಳಿದ. ಹಾಕಿದೆ. ರುಬ್ಬುತ್ತಿದ್ದ ಚಟ್ನಿ ಸಮೇತ ಮನೆ ಕತ್ತಲಾಯಿತು. ನಮ್ಮವ್ವ ಇವತ್ತಿಗೂ ಕಾರು ಅಂಗಳಕ್ಕೆ ಬಂದರೆ ಮೊದಲು ಮಿಕ್ಸಿ ಕೆಲಸ ಮುಗಿಸುತ್ತಾಳೆ.

ಕಿಕ್ಕೇರಿಯ ದೊಡ್ಡಮ್ಮನ ವಿಷಯ ಸ್ವಲ್ಪ ಹೇಳಬೇಕು. ಗದ್ದೆ, ತೆಂಗು, ಕೊಟ್ಟಿಗೆ ತುಂಬ ಸೀಮೆಹಸು, ಯಾವುದಕ್ಕೂ ಕಮ್ಮಿಯಿಲ್ಲ. ಕಮ್ಮಿಯಿದ್ದದ್ದು ಸೊಸೆ. ಮಗ ಓದಿದವನೇ, ಆದರೆ ಇಷ್ಟಪಟ್ಟು ಬೇಸಾಯಕ್ಕೆ ನಿಂತವನು. ನಮ್ಮ ಕಡೆ ಈಗ ಹುಡುಗ ಬೇಸಾಯ ಮಾಡುತ್ತಾನೆ ಅಂದರೆ ಸಾಕು, ಹೆಣ್ಣಿನ ಕಡೆಯವರು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತಾರೆ. ಎಷ್ಟೋ ಜನ ಬಂದರು, ಮನೆ ನೋಡಿದರು, ಉಪ್ಪಿಟ್ಟು ತಿಂದರು, "ಫೋನ್ ಮಾಡ್ತೀವಿ" ಅಂದು ಹೋದರು. ಆ ಫೋನು ಇನ್ನೂ ಬರುತ್ತಲೇ ಇತ್ತು. ದೊಡ್ಡಮ್ಮನಿಗೆ ಹಗಲೂ ರಾತ್ರಿ ಅದೊಂದೇ ಕೊರಗು. ನನ್ನನ್ನು ಕಂಡ ಕೂಡಲೇ, "ನಿಮ್ ಇಸ್ಕೂಲ್ ಕಡೆ ಯಾರಾರ ಒಳ್ಳೆ ಹೆಣ್ಮಕ್ಳವ್ರಾ ಮಗ?" ಅನ್ನುತ್ತಿದ್ದಳು. ನಾನು ನೋಡ್ತೀನಿ ಬುಡು ದೊಡ್ಡಮ್ಮ ಅನ್ನುತ್ತಿದ್ದೆ. ನೋಡುತ್ತಲೂ ಇದ್ದೆ. ಸಿಗಬೇಕಲ್ಲ!

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ ಕೇಳಿ. ಇನ್ನೊಬ್ಬರ ಮನೆಯ ಕರೆಂಟನ್ನು ಫೋನಿನಲ್ಲಿ ಕೇಳುವುದು ಹೇಗೆ ಅಂತ ನಾಚಿಕೆಯಾಗಿ, "ದೊಡ್ಡಮ್ಮ, ಭಾನುವಾರ ಬರ್ತೀವಿ, ಒಂದು ವಿಷಯ ಇದೆ, ಬಂದು ಹೇಳ್ತೀನಿ" ಅಂದುಬಿಟ್ಟೆ. "ಬಾ ಮಗ, ಬಾ, ಎಲ್ರೂ ಬನ್ನಿ" ಅಂದಳು. ಧ್ವನಿ ಯಾಕೋ ನಡುಗಿದ ಹಾಗಿತ್ತು. ನೆಟ್‌ವರ್ಕು ಸರಿಯಿಲ್ಲ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಮೊದಲು ಚಿನಕುರಳಿಗೆ ಹೋದೆವು. ಅಲ್ಲಿ ಭಾವನವರ ಮಗಳು ನಮ್ಮ ಪಾಲಿನ ಇಂಜಿನಿಯರು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಪಾಂಡವಪುರದ ಒಬ್ಬ ಕಂಟ್ರಾಕ್ಟರ ಹತ್ತಿರ ಮನೆಗಳ ವೈರಿಂಗ್ ಕೆಲಸಕ್ಕೆ ಹೋಗುತ್ತಾಳೆ. ಊರವರ ಮನೆಗಳ ವೈರಿಂಗೆಲ್ಲ ನೆಟ್ಟಗೆ, ಅವಳ ಮನೆಯಲ್ಲಿ ಮಾತ್ರ ಟಿವಿ, ಮೊಬೈಲು, ಸೊಳ್ಳೆ ಬತ್ತಿ ಎಲ್ಲ ಒಂದೇ ಪ್ಲಗ್ಗಿಗೆ ಜೋತುಬಿದ್ದಿದ್ದವು. ಮೇವು ಕತ್ತರಿಸುವ ಮೆಷಿನ್ನಿನ ವೈರಿಗಂತೂ ಪ್ಲಗ್ಗೇ ಇಲ್ಲ, ಬರೀ ವೈರನ್ನು ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದರು ಭಾವನವರು. "ಅಪ್ಪಾ, ನೀನೊಂದಿನ ಸುಟ್ಟೋಯ್ತೀಯ" ಅಂತ ಅವಳು ಕಿರುಚಿ ಕಡ್ಡಿ ಕಿತ್ತೆಸೆದಳು. "ಇಷ್ಟ್ ವರ್ಸದಿಂದ ಅಂಗೇ ಓಡ್ತಾದೆ ಕಣ್ ಸುಮ್ಕಿರಮ್ಮಿ" ಅಂದರು ಭಾವ. ಆ ತೂತು ಮಾತ್ರ ನಮ್ಮ ದಪ್ಪ ಪಿನ್ನಿನ ಅಳತೆಯದೇ.

ಅವಳೇ ನನಗೆ ಚಾರ್ಜರಿನ ಪಾಠ ಮಾಡಿದ್ದು. "ಚಿಕ್ಕಮ್ಮ, ಮೂರನೇ ಪಿನ್ನು ಸುಮ್ನೆ ಇರೋದಲ್ಲ. ಕರೆಂಟು ದಾರಿ ತಪ್ಪಿದ್ರೆ ಭೂಮಿಗೆ ಹೋಗ್ಲಿ ಅಂತ. ಆ ಅರ್ಥಿಂಗ್ ಇಲ್ದಿದ್ರೆ ಒಳ್ಳೆ ಚಾರ್ಜರ್ ಕೆಂಪು ದೀಪ ತೋರ್ಸಿ ನಿಂತ್ಕತದೆ. ನಿಂತ್ಕಳದೇ ಒಳ್ಳೇದು." ನನ್ನ ಎಕ್ಸ್‌ಟೆನ್ಷನ್ ವೈರಿನ ಕಥೆ ಕೇಳಿ ತಲೆ ತಲೆ ಚಚ್ಚಿಕೊಂಡಳು. ಕಿಕ್ಕೇರಿಗೆ ನಾನೂ ಬಂದು ನೋಡ್ತೀನಿ ಅಂತ ಟೆಸ್ಟರು ಬ್ಯಾಗಿಗೆ ಹಾಕಿಕೊಂಡು ಕಾರು ಹತ್ತಿದಳು. ನನಗೆ ಖುಷಿಯಾಯಿತು. ಕೆ.ಆರ್. ಪೇಟೆಯಲ್ಲಿ ಯಜಮಾನರು, ಬರೀ ಕೈಯಲ್ಲಿ ಹೋಗ್ತಾರೇನೆ ಅಂತ ಬಾಳೆಹಣ್ಣು, ಮಲ್ಲಿಗೆ ಹೂವು, ಒಂದು ಡಬ್ಬ ಸ್ವೀಟು ತಂದು ಹುಡುಗಿಯ ತೊಡೆಯ ಮೇಲಿಟ್ಟರು.

ದೊಡ್ಡಮ್ಮನ ಮನೆ ಬಾಗಿಲಲ್ಲಿ ಕಾರು ನಿಂತಾಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಭಾನುವಾರ ಆ ಮನೆಗೆ ಹೋದರೆ ನಾಟಿಕೋಳಿ ಸಾರಿನ ವಾಸನೆ ರಸ್ತೆಗೇ ಬಂದು ಕರೆಯುತ್ತದೆ. ಅವತ್ತು ತುಪ್ಪದ ಘಮ. ಒಳಗೆ ಉಪ್ಪಿಟ್ಟು, ಕೇಸರಿಬಾತು. ಕುರ್ಚಿಗಳ ಮೇಲೆ ಒಗೆದ ಟವೆಲು. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಅವಳ ಮಗ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕತ್ತಿನ ಗುಂಡಿ ಕೂಡ ಬಿಗಿದುಕೊಂಡು ಕಂಬದ ಪಕ್ಕ ನಿಂತಿದ್ದ. "ಯಾಕ್ಲಾ, ಎಲ್ಗೋ ಹೊಂಟಂಗಿದೀಯ?" ಅಂದೆ. ಕಿವಿಯವರೆಗೂ ಕೆಂಪಾದ. ದೊಡ್ಡಮ್ಮ ನಮ್ಮ ಹುಡುಗಿಯ ಕೈಯಿಂದ ಹಣ್ಣು ಹೂವು ಇಸಿದುಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ನಾನೋ, ಕೆಲಸ ಬೇಗ ಮುಗಿಸುವ ಆತುರದಲ್ಲಿ, "ದೊಡ್ಡಮ್ಮ, ಕಾಫಿ ಆಮೇಲೆ ಕುಡಿಯಣ, ಮೊದ್ಲು ಮನೆ ಒಂದ್ಸಲ ನೋಡ್ಬುಡ್ತೀವಿ" ಅಂದೆ.

"ನೋಡಿ ಮಗ, ನಿಧಾನ್ವಾಗಿ ನೋಡಿ. ಮುಚ್ಚಿಡದೇನದೆ?"

ನೋಡಿದೆವು. ಹಜಾರ ನೋಡಿದೆವು, ಕೋಣೆ ನೋಡಿದೆವು, ಅಡಿಗೆಮನೆಯ ಗೋಡೆ ತಡವಿದೆವು. ಹುಡುಗಿ ಬಚ್ಚಲಿಗೆ ನುಗ್ಗಿ, "ಗೀಸರ್ ಇದ್ಯಾ?" ಅಂದಳು. "ಅದೆ ಕಣವ್ವ, ಹೋದ್ ವರ್ಸ ಹಾಕ್ಸುದ್ವಿ" ಅಂದಳು ದೊಡ್ಡಮ್ಮ, ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ. "ಕರೆಂಟು ದಿನಾ ಎಷ್ಟೊತ್ತು ಇರ್ತದೆ?" "ಊರೊಳಗೆ ಹೋಗದೇ ಇಲ್ಲ ಅನ್ನು." "ಈ ಕೊಟ್ಟಿಗೆ ತನಕ ನಿಮ್ದೇನಾ?" "ಆ ತೆಂಗಿನ ಮರದ ಗಂಟ ನಮ್ದೆಯ." ಯಜಮಾನರು ಬೇರೆ ಪಂಚಾಯಿತಿ ಯಜಮಾನನ ಗತ್ತಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ಹಸುಗಳನ್ನು ಎಣಿಸಿ ತಲೆದೂಗಿದರು. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಮೆಷಿನ್ನಿಗೆ ದೊಡ್ಡ ಪ್ಲಗ್ ಪಾಯಿಂಟು ಇತ್ತು, ಪಕ್ಕದಲ್ಲೇ ಕಾರು ನಿಲ್ಲಿಸಲು ಜಾಗವೂ ಇತ್ತು. ಹುಡುಗಿ ಟೆಸ್ಟರು ಇಟ್ಟು ನೋಡಿ ಮುಖ ಹುಳ್ಳಗೆ ಮಾಡಿದಳು. ದೊಡ್ಡಮ್ಮನ ಮಗ ದೂರದಿಂದಲೇ ಅವಳ ಕೈಯನ್ನು ನೋಡುತ್ತಿದ್ದ.

ಹಜಾರಕ್ಕೆ ಬಂದು ಕೂತೆವು. ದೊಡ್ಡಮ್ಮ ಸೆರಗು ಸರಿ ಮಾಡಿಕೊಂಡು ನೇರ ಹುಡುಗಿಯನ್ನೇ ಕೇಳಿದಳು. "ಎಲ್ಲಾ ನೋಡ್ದಲ್ಲ ಕೂಸೆ, ಒಪ್ಗೆ ಆಯ್ತಾ?"

"ಮಿಕ್ಕಿದ್ದೆಲ್ಲ ಚೆನ್ನಾಗದೆ ಅಜ್ಜಿ. ಅರ್ಥಿಂಗ್ ಒಂದಿಲ್ಲ. ಅದೊಂದು ಮಾಡ್ಸುದ್ರೆ ನಮ್ದೇನೂ ತಕರಾರಿಲ್ಲ."

"ಮಾಡ್ಸದಲ್ದೆ! ನಾಳೇನೇ ಮಾಡ್ಸದು!" ದೊಡ್ಡಮ್ಮ ದಡಬಡ ಒಳಗೆ ಹೋಗಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕುಂಕುಮ, ರವಿಕೆ ಬಟ್ಟೆ, ನಾವೇ ತಂದ ಮಲ್ಲಿಗೆ. ಅವಳ ಕಣ್ಣು ತುಂಬಿತ್ತು. ಹೂವಿನ ದಂಡೆ ಎತ್ತಿದ ಕೈ ಹುಡುಗಿಯ ತಲೆಯ ಹತ್ತಿರ ಹೋಯಿತು ನೋಡಿ, ಆಗ ನನಗೆ ಬೆಳಿಗ್ಗೆಯಿಂದ ಕಂಡದ್ದೆಲ್ಲ ಒಟ್ಟಿಗೆ ಅರ್ಥವಾಯಿತು. ಅಯ್ಯೋ ದೇವರೇ! ಕೈ ಹಿಡಿದುಬಿಟ್ಟೆ.

"ದೊಡ್ಡಮ್ಮ, ತಡಿ. ನಾವು ಬಂದಿದ್ದು ಸಂಬಂಧಕ್ಕಲ್ಲ. ಕಾರು ಚಾರ್ಜಿಗೆ ಹಾಕಕ್ಕೆ ನಿಮ್ಮನೇಲಿ ಪ್ಲಗ್ಗದೆಯಾ ಅಂತ ನೋಡಕ್ಕೆ."

ದೊಡ್ಡಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಕರೆಂಟಾ? ಅಷ್ಟನ್ನ ಫೋನಲ್ಲೇ ಅನ್ಬಾರ್ದಿತ್ತಾ ಮಗ," ಅಂದು, ಹೂವನ್ನು ಏನು ಮಾಡುವುದೆಂದು ತೋಚದೆ ತನ್ನ ಮುಡಿಗೇ ಸಿಕ್ಕಿಸಿಕೊಂಡು ನಕ್ಕಳು. ಆ ನಗು ನೋಡಿ ನನಗೆ ಅಳುವೇ ಬಂತು. ಯಜಮಾನರಿಗೆ ಜೀವಮಾನದಲ್ಲಿ ಮೊದಲ ಸಲ ತಮಾಷೆ ಹೊಳೆಯಲಿಲ್ಲ. ಹುಡುಗಿ ಟೆಸ್ಟರನ್ನು ಬ್ಯಾಗಿಗೆ ತುರುಕಿದಳು.

ಮೊದಲು ಮಾತಾಡಿದ್ದು ದೊಡ್ಡಮ್ಮನ ಮಗ. "ಟೆಸ್ಟರ್ ತಗ್ದಾಗ್ಲೇ ನಂಗ್ ಗೊತ್ತಾಯ್ತು ಬುಡಕ್ಕ. ಹೆಣ್ಣಿನ್ ಕಡೆಯೋರು ಟೆಸ್ಟರ್ ತರಕಿಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿ ಕೇಳಿದ, "ಅರ್ಥಿಂಗ್‌ಗೆ ಏನೇನ್ ಮಾಡ್ಬೇಕು?" ಅವಳು ಗುಂಡಿ ಎಷ್ಟು ಆಳ, ಪೈಪು ಎಂಥದ್ದು, ಇದ್ದಿಲು ಉಪ್ಪು ಹೇಗೆ ತುಂಬಬೇಕು ಎಲ್ಲ ಹೇಳಿದಳು. ನಡುವೆ ಬಾಯಿ ಹಾಕದೆ ಕೇಳಿಸಿಕೊಂಡ. ನಾನು ಉಪ್ಪಿಟ್ಟಿನ ತಟ್ಟೆ ಪೂರ್ತಿ ಖಾಲಿ ಮಾಡಿದೆ. ಅರ್ಧಕ್ಕೆ ಬಿಟ್ಟೇಳುವ ಮುಖ ನನಗಿರಲಿಲ್ಲ.

ವಾಪಸು ಬರುವಾಗ ಕೆ.ಆರ್. ಪೇಟೆ ದಾಟಿದೆವು. ನಾನೇ, "ತಪ್ಪು ತಿಳ್ಕಬೇಡ ಕಣೆ" ಅಂದೆ ಹುಡುಗಿಗೆ.

"ತಪ್ಪೇನಿಲ್ಲ ಚಿಕ್ಕಮ್ಮ. ನನ್ನ ನೋಡಕ್ಕೆ ಬರೋರು ಎಲ್ಲಾ ಒಪ್ತಾರೆ, ಕೊನೇಲಿ ಮದ್ವೆ ಆದ್ಮೇಲೆ ಏಣಿ ಗೀಣಿ ಹತ್ತಂಗಿಲ್ಲ ಅಂತಾರೆ. ನಾನ್ ಎದ್ದು ಒಳಗೋಗ್ತೀನಿ. ನಾನ್ ಹೇಳಿದ್ದನ್ನ ಪೂರ್ತಿ ಕೇಳುಸ್ಕಂಡೋರು ಇವ್ರೇ ಮೊದ್ಲು." ಅಷ್ಟು ಹೇಳಿ ಕಿಟಕಿ ಕಡೆ ತಿರುಗಿದಳು. ಯಜಮಾನರು ನನ್ನನ್ನು ಮೊಣಕೈಯಲ್ಲಿ ತಿವಿದರು. ಸ್ಟೀರಿಂಗು ಹಿಡಿದವಳನ್ನು ತಿವಿಯಬಾರದೆಂಬ ಜ್ಞಾನ ಆ ಮನುಷ್ಯನಿಗೆ ಎಂದಿಗೂ ಬರುವುದಿಲ್ಲ.

ಆ ವಾರವೇ ಅಂಗಡಿಗೆ ಹೋಗಿ ಎರಡನೆಯ ತರದ ಚಾರ್ಜರು ತಂದೆ, ದೊಡ್ಡ ಪಿನ್ನಿನದು, ಉದ್ದ ಕೇಬಲ್ಲಿನದು. ಗುಂಡಿ ಒತ್ತಿ ಕರೆಂಟು ಕಮ್ಮಿ ಮಾಡಿದರೆ ನಾಗಮಂಗಲದ ಹಳೇ ವೈರಿಂಗೂ ತಡೆದುಕೊಳ್ಳುತ್ತದೆ, ಒಳ್ಳೆ ಲೈನಿದ್ದಲ್ಲಿ ಪೂರ್ತಿ ಎಳೆಯುತ್ತದೆ. ನೀಲಿ ಪ್ಲಗ್ಗಿನ ಬಕಾಸುರ ನಮ್ಮ ಯಾವ ಮನೆಗೂ ಹೊಂದುವುದಿಲ್ಲ. ಸಣ್ಣ ಪಿನ್ನಿಗೆ ಕೂರಿಸುವ ಅಡಾಪ್ಟರು ಅಗ್ಗದಲ್ಲಿ ಸಿಗುತ್ತಿತ್ತು. ಹುಡುಗಿ ಫೋನಿನಲ್ಲೇ, "ಅದನ್ನ ಮುಟ್ಟುದ್ರೆ ನಾನ್ ನಿಮ್ ಕಾರ್ ಹತ್ತಲ್ಲ" ಅಂದಳು. ಬಿಟ್ಟೆ.

ಮುಂದಿನ ಭಾನುವಾರ ಚಾರ್ಜರಿನ ಪರೀಕ್ಷೆಗೆ ಹುಡುಗಿಯನ್ನೂ ಕರೆದುಕೊಂಡು ಮತ್ತೆ ಕಿಕ್ಕೇರಿ. ಈ ಸಲ ಫೋನಿನಲ್ಲಿ ಕರೆಂಟು ಅಂತ ಬಾಯಿಬಿಟ್ಟು ಹೇಳಿದ್ದೆ, ಕೋಳಿ ಸಾರಿನ ವಾಸನೆಯೂ ಬರುತ್ತಿತ್ತು. ಕೊಟ್ಟಿಗೆಯ ಪಕ್ಕ ಅರ್ಥಿಂಗ್ ಗುಂಡಿ ಸಿದ್ಧ. ದೊಡ್ಡಮ್ಮನ ಮಗನೇ ತೋಡಿ, ಸಿಮೆಂಟಿನ ಕಟ್ಟೆ ಕಟ್ಟಿ, ನೀರು ಹೊಯ್ದಿದ್ದ. ಹುಡುಗಿ ಮಂಡಿಯೂರಿ ಕೂತು ಒಂದೊಂದನ್ನೂ ನೋಡಿದಳು, ವೈರಿನ ತುದಿ ಬಿಗಿ ಮಾಡಿದಳು, ಚಾರ್ಜರು ಸಿಕ್ಕಿಸಿದಳು. ಹಸಿರು ದೀಪ ಹತ್ತಿತು. ಯಜಮಾನರು ಚಪ್ಪಾಳೆ ತಟ್ಟಿದರು.

ಅವನು ತಟ್ಟಲಿಲ್ಲ. ಬಿಳಿ ಶರ್ಟು ಇರಲಿಲ್ಲ, ಸಗಣಿ ಮೆತ್ತಿದ ಲುಂಗಿಯಲ್ಲೇ ನಿಂತು, ನೆಲ ನೋಡುತ್ತಾ ಕೇಳಿದ. "ಕಾರಿಗೆ ಆಯ್ತು. ನಿಮ್ಗೆ ಈ ಮನೇಲಿ ಇರಕ್ಕಾಯ್ತದಾ?"

ಕೊಟ್ಟಿಗೆಯ ಬಾಗಿಲಲ್ಲಿ ದೊಡ್ಡಮ್ಮ ಹುಲ್ಲಿನ ಹೊರೆ ಹಿಡಿದವಳು ಹಾಗೇ ನಿಂತಳು. ಹುಡುಗಿ ಎದ್ದು ಕೈ ಒರೆಸಿಕೊಂಡು ದೊಡ್ಡಮ್ಮನ ಎದುರು ಹೋಗಿ ನಿಂತಳು. "ಅಜ್ಜಿ, ನಾನು ಪ್ಯಾಂಟ್ ಹಾಕ್ಕಂಡು ಏಣಿ ಹತ್ತೋಳು. ಮದ್ವೆ ಆದ್ರೂ ಹತ್ತೋಳೇ. ಇವತ್ತೇ ಹೇಳ್ಬುಡ್ತೀನಿ. ಆಮೇಲೆ ಬ್ಯಾಡ ಅನ್ನಂಗಿಲ್ಲ."

ದೊಡ್ಡಮ್ಮ ಹುಲ್ಲನ್ನು ಅಲ್ಲೇ ಕೆಳಗೆ ಹಾಕಿದಳು.

"ಕರೆಂಟ್ ಕಂಬನೇ ಹತ್ತು ಕಣವ್ವ, ಯಾರ್ ಬ್ಯಾಡ ಅಂದೋರು? ಸಂಜೆಗೆ ಇಳ್ದು ಮನ್ಗೆ ಬಾ, ಅಷ್ಟೆಯ."